ಬುತ್ತಿಯ ದಿನ ಅಲುಗಿದ ಹೊಟ್ಟೆ

ಶಿವಗಂಗಾಳ ಕೂಸು ಹುಟ್ಟುವುದಕ್ಕೆ ಮೊದಲೇ ಮಳಖೇಡದಲ್ಲಿ ಒಂದು ಓಣಿಗೆಲ್ಲ ಹೆಸರುವಾಸಿಯಾಗಿತ್ತು. ಅದಕ್ಕೆ ಕಾರಣ ಅವಳ ಅತ್ತೆ ರತ್ನಾಬಾಯಿ. ರತ್ನಾಬಾಯಿಯ ಕಿವಿಗೆ ಬಿದ್ದ ಸುದ್ದಿ ಕಾಗಿಣಾ ಹೊಳೆ ದಾಟಿ ಸೇಡಂ ಸಂತೆ ಮುಟ್ಟಲು ಬಸ್ಸಿನ ಹಂಗು ಬೇಕಿರಲಿಲ್ಲ.

ಸುದ್ದಿ ಇಷ್ಟೇ. ಊರ ಹೊರಗೆ ಸಿಮೆಂಟ್ ಕಾರ್ಖಾನೆಯೊಂದರ ಮೈನ್ಸ್ ಇದೆ. ಶಿವಗಂಗಾಳ ಗಂಡ ಅಶೋಕಕುಮಾರ ಅಲ್ಲಿ ಡಂಪರ್ ಓಡಿಸುತ್ತಾನೆ. ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿ ಬಂಡೆ ಸಿಡಿಸುತ್ತಾರೆ. ಜನ, ದನ ದೂರ ಸರಿಯಲಿ ಅಂತ ಮೊದಲು ಸೈರನ್ನಿನ ಭೋಂಗಾ ಕೂಗುತ್ತದೆ, ಆಮೇಲೆ ನೆಲದೊಳಗಿಂದ ಧಡಂ ಅನ್ನುತ್ತದೆ. ಅಡುಗೆಮನೆಯ ಹಲಗೆ ಮೇಲಿನ ಗಂಗಾಳ, ತಂಬಿಗೆಗಳೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಊರವರಿಗೆ ಇದು ರೂಢಿ. ಕೈಯಲ್ಲಿ ತುತ್ತು ಹಿಡಿದವರು ಅದನ್ನು ಬಾಯಿಗಿಡುವುದನ್ನು ಸಹ ನಿಲ್ಲಿಸುವುದಿಲ್ಲ.

ಆದರೆ ಶಿವಗಂಗಾಗೆ ಐದು ತಿಂಗಳು ತುಂಬಿದ ಮೇಲೆ ಒಂದು ದಿನ ಧಡಂ ಅಂದ ಕೂಡಲೇ ಹೊಟ್ಟೆಯೊಳಗೆ ಕೂಸು ಜಿಗಿಯಿತು. ಅವಳು ರೊಟ್ಟಿ ಬಿಟ್ಟು ಹೊಟ್ಟೆ ಹಿಡಿದುಕೊಂಡು "ಅಯ್ಯ, ಅತ್ತೀ!" ಅಂತ ಕೂಗಿದಳು. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ರತ್ನಾಬಾಯಿಗೆ ಇಷ್ಟು ಸಾಕಾಯಿತು.

"ನಮ್ಮ ಮೊಮ್ಮಗ ಈಗೇ ಡ್ಯೂಟಿಗಿ ಹತ್ಯಾನ್ರೆವ್ವಾ! ಭೋಂಗಾ ಆಯ್ತಂದ್ರ ಎದ್ದು ನಿಂದರ್ತಾನ, ಅವ್ರಪ್ಪನಕಿಂತ ಹುಷಾರ್ ಅದಾನ!"

ಓಣಿಯ ಹೆಂಗಸರು ಮಧ್ಯಾಹ್ನ ಕೆಲಸ ಬಿಟ್ಟು ಬಂದು ಶಿವಗಂಗಾಳ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುವುದು ಶುರುವಾಯಿತು. ಜಿಗಿತ ಸಿಕ್ಕಾಗ ಎಲ್ಲರೂ ನಗುತ್ತಿದ್ದರು. ಮದುವೆಯಾಗಿ ಮೂರು ವರ್ಷ "ಇನ್ನಾ ಏನೂ ಇಲ್ಲೇನವಾ?" ಅನ್ನುವ ಮಾತು ಕೇಳಿ ಕೇಳಿ ತಲೆ ತಗ್ಗಿಸಿದ್ದ ಹುಡುಗಿಗೆ ಆ ನಗು ಭಾಳ ಹಿತವಾಗಿತ್ತು. ಕೂಸಿನ ಜೊತೆ ತಾನೂ ದೊಡ್ಡವಳಾದಂತೆ ಅನ್ನಿಸುತ್ತಿತ್ತು.

ಬಸುರಿಗೆ ಮಾಡುವ ಕುಬುಸದ ಕಾರ್ಯ ಮುಗಿಸಿ ಅವಳನ್ನು ತವರಿಗೆ, ಚಿಂಚೋಳಿಗೆ ಕರೆತಂದರು. ಅಪ್ಪ ಮಡಿವಾಳಯ್ಯ ಬಸ್ ಕಂಡಕ್ಟರ್. ತಾಂಡೂರಿನ ರೂಟಿನಲ್ಲಿ ತೆಲುಗು, ಕನ್ನಡ ಎರಡರಲ್ಲೂ ಜನರನ್ನು ಗದರಿಸುತ್ತ ದಿನ ಕಳೆಯುವ ಮನುಷ್ಯ, ಮನೆಗೆ ಬಂದರೆ ಮಾತೇ ಇಲ್ಲ. ಅವ್ವ ದಾನಮ್ಮ ಮನೆಯ ಮಾತನ್ನೆಲ್ಲ ಒಬ್ಬಳೇ ಆಡಿ ಮುಗಿಸುತ್ತಿದ್ದಳು. ಊರಿನ ಹಿಂದೆ ಗುಡ್ಡ, ಗುಡ್ಡದ ಹಿಂದೆ ಕಾಡು. ಮಧ್ಯಾಹ್ನವಾದರೆ ಓಣಿಯ ಕೋಳಿಗಳ ಸದ್ದು ಬಿಟ್ಟರೆ ಬೇರೆ ಇಲ್ಲ. ಭೋಂಗಾ ಇಲ್ಲದಿದ್ದರೂ ಕೂಸು ಮೊದಮೊದಲು ಚೆನ್ನಾಗಿಯೇ ಆಡಿಕೊಂಡಿತ್ತು. ಚಹಾ ಕುಡಿದ ಮೇಲೆ ಒಂದಿಷ್ಟು ಒದೆತ, ಎಡಮಗ್ಗುಲಿಗೆ ಒರಗಿದಾಗ ಒಂದಿಷ್ಟು ಉರುಳಾಟ.

ಒಂಬತ್ತರಲ್ಲಿ ಬಿದ್ದ ಮೇಲೆ ಅದು ಕಡಿಮೆಯಾಯಿತು. ಒದೆತ ಹೋಗಿ ಬರೀ ಸರಿದಾಟ ಉಳಿಯಿತು. ಅದೂ ಒಮ್ಮೊಮ್ಮೆ ಇತ್ತೋ ಇಲ್ಲವೋ ಅನ್ನುವ ಹಾಗಿತ್ತು. ಶಿವಗಂಗಾ ಅವ್ವನಿಗೆ ಹೇಳಿದಳು.

"ಅಲ್ಲಿ ದಿನಾ ಆ ಧಡಂ ಕೇಳಿ ಬೆಚ್ಚಿ ಬೀಳ್ತಿತ್ತು ಪಾಪ," ಅಂದಳು ದಾನಮ್ಮ. "ಇಲ್ಲಿ ತಂಪಾಗಿ ಮಲಗ್ಯಾದ. ತವರಮನಿ ಆರಾಮ ನಿನಗಷ್ಟೇ ಬೇಕೇನು, ಅದಕ್ಕ ಬ್ಯಾಡೇನು?"

ಪಕ್ಕದ ಮನೆಯ ಬಿಬಿಜಾನ್ ಕೂಡ "ಹೌದ ಬೇಟಿ, ಬಚ್ಚಾಕ್ಕ ಸುಕೂನ್ ಸಿಕ್ಕಾದ" ಅಂದಳು. ಯಾರಿಗೆ ಹೇಳಿದರೂ ಉತ್ತರ ಅದೇ. ಎಂಥ ಚೆಂದದ ಉತ್ತರ ನೋಡಿ! ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ, ಯಾರೂ ಎದ್ದು ಎಲ್ಲಿಗೂ ಹೋಗುವ ಗರಜಿಲ್ಲ. ಸೇಡಂ ದವಾಖಾನೆಯ ನರ್ಸು ತಪಾಸಣೆಗೆ ಹೋದಾಗಲೆಲ್ಲ "ಕೂಸಿನ ಆಟ ಕಮ್ಮಿ ಆದ್ರ ಮನ್ಯಾಗ ಕುಂದರಬ್ಯಾಡ್ರಿ, ಸೀದಾ ಬರ್ರಿ" ಅಂದದ್ದು ಶಿವಗಂಗಾಗೆ ನೆನಪಿತ್ತು. ಆದರೆ ಆಟ ಕಡಿಮೆಯಾದದ್ದಕ್ಕೆ ಇಲ್ಲಿ ಕಾರಣ ಸಿಕ್ಕಿತ್ತಲ್ಲ. ಕಾರಣ ಸಿಕ್ಕ ಮೇಲೆ ಭಯಕ್ಕೆ ಮರ್ಯಾದೆ ಇರುವುದಿಲ್ಲ. ಅವಳೂ ಅದನ್ನೇ ನಂಬಲು ನೋಡಿದಳು. ಹಗಲು ನಂಬಿಕೆ ಬರುತ್ತಿತ್ತು, ಒಬ್ಬಳೇ ಮಲಗಿದಾಗ ಹೋಗುತ್ತಿತ್ತು.

ಹೀಗಿರುವಾಗ ಬುತ್ತಿಯ ದಿನ ಬಂತು. ತುಂಬಿದ ಬಸುರಿಗೆ ಬೀಗರ ಕಡೆಯ ಹೆಂಗಸರು ಅವಳ ಬಯಕೆಯ ಅಡುಗೆಯನ್ನೆಲ್ಲ ಮಾಡಿ, ಬುಟ್ಟಿ ಹೊತ್ತು ತವರುಮನೆಗೆ ಬಂದು ಉಣಿಸಿ ಹೋಗುವ ಪದ್ಧತಿ ಅದು. ಉಣ್ಣುವವಳು ಬಸುರಿಯಾದರೂ ಪರೀಕ್ಷೆ ಮಾತ್ರ ತವರಿನದು. ಮಗಳನ್ನು ಹೇಗೆ ನೋಡಿಕೊಂಡಿದ್ದಾರೆ, ಮೈಕೈ ತುಂಬಿದೆಯೋ ಇಲ್ಲವೋ, ಪಾತ್ರೆ ತಿರುಗಿಸಿ ಕೊಡುವಾಗ ಏನು ತುಂಬಿ ಕೊಡುತ್ತಾರೆ, ಎಲ್ಲವೂ ಬೀಗತಿಯರ ಕಣ್ಣಿಗೆ ಬೀಳುತ್ತದೆ. ದಾನಮ್ಮ ಎರಡು ದಿನದಿಂದ ನೆಲಕ್ಕೆ ಕಾಲೂರಿರಲಿಲ್ಲ.

ಆ ದಿನ ಬೆಳಿಗ್ಗೆ ಶಿವಗಂಗಾ ಹಾಸಿಗೆಯ ಮೇಲೆ ಕುಳಿತೇ ಇದ್ದಳು. ಹಿಂದಿನ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಟ್ಟೆಯ ಬಲಗಡೆ ಏನೋ ಸರಿದಂತಾಗಿತ್ತು. ಆಮೇಲೆ ಏನೂ ಇಲ್ಲ. ಬೆಲ್ಲ ತಿಂದಳು, ತಣ್ಣೀರು ಕುಡಿದಳು, ಎಡಕ್ಕೆ ಒರಗಿದಳು, ಹೊಟ್ಟೆಯನ್ನು ಮೆಲ್ಲಗೆ ತಟ್ಟಿದಳು. ಒಳಗಿನಿಂದ ಯಾರೂ ಓಗೊಡಲಿಲ್ಲ. ಅವಳು ಅಡುಗೆಮನೆಗೆ ಬಂದಳು.

"ಅವ್ವಾ, ನಿನ್ನಿ ಸಂಜಿಂದ ಕೂಸು ಅಲಗಾಡೇ ಇಲ್ಲ."

ದಾನಮ್ಮನ ಎರಡೂ ಕೈ ಹೂರಣದಲ್ಲಿದ್ದವು. ಅವಳು ಒಂದು ಕ್ಷಣ ಮಗಳನ್ನು ನೋಡಿದಳು. ಆ ಒಂದು ಕ್ಷಣ ಅವಳ ಮುಖದಲ್ಲೂ ಭಯ ಕಂಡಿತು. ಆದರೆ ಒಲೆಯ ಮೇಲಿನ ತುಪ್ಪ ಅದೇ ಹೊತ್ತಿಗೆ ಉಕ್ಕಿಬರಬೇಕೆ.

"ಇವತ್ತೊಂದಿನ ಅಂಥಾ ಮಾತ ತೆಗೀಬ್ಯಾಡ ನಮ್ಮವ್ವ. ಬೀಗರು ದಾರ್‍ಯಾಗ ಅದಾರ. ಅವ್ರ ಬಂದು ಹೋಗ್ಲಿ, ಸಂಜೀಗಿ ನಿಮ್ಮಪ್ಪ ಬಂದ ಮ್ಯಾಲ ದವಾಖಾನಿಗಿ ಹೋಗಿ ಬರಮು. ಮಲಗಿರ್ತದ ತಗೋ."

ರತ್ನಾಬಾಯಿ ನಾಲ್ಕು ಮಂದಿ ಹೆಂಗಸರನ್ನು ಕಟ್ಟಿಕೊಂಡು ಜೀಪಿನಲ್ಲಿ ಬಂದಿಳಿದಳು. ಶೇಂಗಾ ಹೋಳಿಗೆ, ಕರ್ಚಿಕಾಯಿ, ಪುಂಡಿಪಲ್ಯ, ಎಣ್ಣೆಗಾಯಿ, ಮೊಸರು ಕಲಸಿದ ಬುತ್ತಿ. ಪಡಸಾಲೆಯಲ್ಲಿ ಹೆಜ್ಜೆ ಇಡಲು ಜಾಗವಿಲ್ಲದಂತೆ ಬುಟ್ಟಿಗಳು ಕುಳಿತವು. ಹಸಿರು ಸೀರೆ ಉಡಿಸಿ, ತಲೆತುಂಬ ಹೂ ಮುಡಿಸಿ, ಶಿವಗಂಗಾಳನ್ನು ಚಾಪೆಯ ಮೇಲೆ ಕೂರಿಸಿದರು. ರತ್ನಾಬಾಯಿ ಎದುರಿಗೆ ಕುಳಿತು ಸೊಸೆಯ ಗಲ್ಲ ಹಿಡಿದಳು.

"ಏನವಾ ಗಂಗಾ, ನಮ್ಮ ಡ್ಯೂಟಿ ಸಾಹೇಬ ಹ್ಯಾಂಗ ಅದಾನ?"

"ಜರಾ ಸುಮ್ಮಗ ಅದಾನ್ರಿ ಅತ್ತಿ," ಅಂದಳು ಶಿವಗಂಗಾ. "ಆಟ ಭಾಳ ಕಮ್ಮಿ ಆಗ್ಯಾದ್ರಿ."

ರತ್ನಾಬಾಯಿ ಎಷ್ಟು ಕಡಿಮೆ, ಯಾವಾಗಿಂದ ಅಂತ ಕೇಳಿದ್ದರೆ ಅವಳು ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ಮಾತು ತುದಿನಾಲಗೆಗೆ ಬಂದು ಕೂತಿತ್ತು. ಆದರೆ ರತ್ನಾಬಾಯಿಯ ತಲೆ ಸೊಸೆಯ ಕಡೆಯಿಂದ ಬೀಗತಿಯ ಕಡೆ ತಿರುಗಿತು.

"ನಮ್ಮನ್ಯಾಗ ಇದ್ದಾಗ ಕುಣೀತಿತ್ತಲ್ರೀ ಬೀಗತ್ಯಾರ! ಇಲ್ಲಿ ಬಂದ ಮ್ಯಾಲ ಏನಾಯ್ತು? ಏನ್ ತಿನಸ್ಲಿಕತ್ತೀರಿ?"

ನಗುತ್ತಲೇ ಅಂದಳು. ಆದರೆ ನಗುವಿನೊಳಗೆ ಮುಳ್ಳಿತ್ತು, ಅದು ಹೋಗಿ ನೆಡಬೇಕಾದಲ್ಲೇ ನೆಟ್ಟಿತು. ದಾನಮ್ಮ ಕೆಂಪಾದಳು.

"ಏನ್ ಕಮ್ಮಿ ಮಾಡೇವ್ರಿ? ಹಾಲು, ತುಪ್ಪ, ಖಾರೀಕ, ಕೇಳಿದ್ದು ಕೇಳಿದ್ದಂಗ ಕೊಡ್ಲಿಕತ್ತೇವಿ. ನಿಮ್ಮ ಊರಾಗ ಬಂಡಿಗಲ್ಲು ಸಿಡಿಸೂ ಸಪ್ಪಳಕ್ಕ ಕೂಸು ಅಂಜಿ ಜಿಗೀತಿತ್ತು, ಇಲ್ಲಿ ಆರಾಮ ಮಲಗ್ಯಾದ."

"ಅಂಜಿ ಜಿಗೀತಿತ್ತಾ? ನಮ್ಮ ವಂಶದ ಕೂಸು ಅಂಜ್ತದೇನ್ರಿ?"

ಹೀಗೆ ಎರಡು ಮನೆತನಗಳ ಮರ್ಯಾದೆ ಪಡಸಾಲೆಯಲ್ಲಿ ತೋಳೇರಿಸಿ ನಿಂತಿತು. ನಡುವೆ ಕೂತವಳ ಮಾತು ಎಲ್ಲಿ ಬಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಜೊತೆಗೆ ಬಂದಿದ್ದ ಮಳಖೇಡದ ಓಣಿಯ ಶೈಲಶ್ರೀ, ಎಳೆಯ ವಯಸ್ಸಿನವಳು, ಜಗಳ ಬಿಡಿಸುವ ಆಸೆಯಿಂದ ಹೇಳಿದಳು: "ಅದಕ್ಕೇನ್ರಿ ದೊಡ್ಡವ್ವಾ, ಅಶೋಕಣ್ಣಗ ವಿಡಿಯೋ ಕಾಲ್ ಹಚ್ರಿ. ಈಗ ಬ್ಲಾಸ್ಟಿಂಗ್ ಟೈಮೇ ಅದ. ಫೋನಿನಾಗ ಭೋಂಗಾ ಕೇಳಸ್ರಿ ಕೂಸಿಗಿ, ಎದ್ದು ಬರ್ತದ!"

ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಜಗಳವೂ ನಿಂತಿತು. ಇಂಥ ಬುದ್ಧಿ ಆ ಓಣಿಯವರಿಗಲ್ಲದೆ ಬೇರೆಯವರಿಗೆ ಹೊಳೆಯುವುದು ಕಷ್ಟ. ರತ್ನಾಬಾಯಿ ಮಗನಿಗೆ ಫೋನು ಹಚ್ಚಿದಳು. ಅಶೋಕಕುಮಾರ ತಲೆಯ ಮೇಲೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು ಮೈನ್ಸಿನಿಂದ ದೂರ, ಕ್ಯಾಂಟೀನಿನ ಹಿಂದೆ ನಿಂತಿದ್ದ. ವಿಷಯ ಕೇಳಿ ಅವನೂ ನಕ್ಕ.

"ಈಗ ಹೊಡೀತಾರ ಅವ್ವಾ, ಕಟ್ ಮಾಡಬ್ಯಾಡ. ಫೋನು ಹೊಟ್ಟೀಗಿ ಹತ್ತಿಸಿ ಹಿಡಿ. ಗಂಗಾ, ಎಬ್ಬಸ್ಲಿಕತ್ತೀನಿ ನೋಡು ನಿನ್ನ ಮಗನ್ನ!"

ಫೋನಿನ ದನಿಯನ್ನು ತುದಿಮಟ್ಟ ಏರಿಸಿ ರತ್ನಾಬಾಯಿ ಅದನ್ನು ಸೊಸೆಯ ಹೊಟ್ಟೆಗೆ ಒತ್ತಿದಳು. ಶೈಲಶ್ರೀ ತನ್ನ ಫೋನಿನಲ್ಲಿ ವಿಡಿಯೋ ಹಿಡಿದಳು. ಹೆಂಗಸರು ಸುತ್ತ ಬಾಗಿದರು. ಶಿವಗಂಗಾ ಉಸಿರು ಬಿಗಿಹಿಡಿದಳು. ಅವಳಿಗೂ ಆಸೆಯಿತ್ತು, ಎಲ್ಲರಿಗಿಂತ ಹೆಚ್ಚಿಗೆ ಇತ್ತು. ಎದ್ದೇಳು ನಮ್ಮಪ್ಪ, ಒಂದೇ ಒಂದು ಸಲ ಒದಿ, ಅಂತ ಒಳಗೊಳಗೇ ಗೋಗರೆದಳು.

ಭೋಂಗಾ ಕೂಗಿತು. ಫೋನು ಒದರಿತು. ಆಮೇಲೆ ಧಡಂ ಅಂದಿತು.

ಏನೂ ಆಗಲಿಲ್ಲ.

ಎಲ್ಲರ ಕಣ್ಣು ಆ ಹಸಿರು ಸೀರೆಯ ಹೊಟ್ಟೆಯ ಮೇಲೆ. ರತ್ನಾಬಾಯಿಯ ನಗು ತುಟಿಯಲ್ಲೇ ನಿಂತಿತ್ತು. ಬಾಗಿಲ ಬಳಿ ದಾನಮ್ಮ ಸೆರಗು ಬಾಯಿಗಿಟ್ಟುಕೊಂಡಿದ್ದಳು, ತುಟಿಗಳು ಶರಣಬಸಪ್ಪನ ಹೆಸರು ಹೇಳುತ್ತಿದ್ದವು. ಫೋನಿನೊಳಗಿಂದ ಗಂಡನ ದನಿ ಬಂತು: "ಏನಾಯ್ತು? ಒದೀತಾ? ಹೇಳ್ರಲ್ಲಾ, ಒದೀತಾ?"

ಶಿವಗಂಗಾ ಏನು ಮಾಡಿದಳೆಂದು ಅವಳಿಗೇ ತಿಳಿಯುವ ಮೊದಲು ಅದು ಆಗಿಹೋಗಿತ್ತು. ಅವಳು ಉಸಿರನ್ನು ಒಳಗೆಳೆದು, ಹೊಟ್ಟೆ ಬಿಗಿಹಿಡಿದು, ಒಮ್ಮೆಲೇ ಝಾಡಿಸಿದಳು. ಹೊಟ್ಟೆಯ ಮೇಲಿನ ಫೋನು ರತ್ನಾಬಾಯಿಯ ಕೈಯಡಿ ಚಂಗನೆ ಎಗರಿತು.

"ಒದೀತೂ!" ಅಂತ ಐದಾರು ಬಾಯಿ ಒಟ್ಟಿಗೆ ಕೂಗಿದವು. ರತ್ನಾಬಾಯಿ ಸೊಸೆಯ ಹಣೆಗೆ ಮುತ್ತಿಟ್ಟಳು. ದಾನಮ್ಮ ಗೊಳೋ ಅಂತ ಅತ್ತು, ಅಳುತ್ತಲೇ ಉಪ್ಪು, ಮೆಣಸಿನಕಾಯಿ ತಂದು ಮಗಳ ದೃಷ್ಟಿ ತೆಗೆದಳು. ಬೀಗತಿಯರಿಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅತ್ತ ಮೈನ್ಸಿನಲ್ಲಿ ಅಶೋಕಕುಮಾರ ಗೆಳೆಯರಿಗೆ ಕೂಗಿ ಹೇಳುತ್ತಿದ್ದುದು ಕೇಳಿಸಿತು. ಶಿವಗಂಗಾ ನಕ್ಕಳು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ, ನಕ್ಕಳು.

ಊಟವಾಯಿತು. ಒಬ್ಬೊಬ್ಬರೂ ಒಂದೊಂದು ತುತ್ತು ಶಿವಗಂಗಾಳ ಬಾಯಿಗಿಟ್ಟರು. ಹೋಳಿಗೆ ಗಂಟಲಲ್ಲಿ ಮಣ್ಣಿನ ಹಾಗೆ ಇಳಿಯಿತು. ಇಷ್ಟು ಸಿಹಿ ತಿಂದ ಮೇಲಾದರೂ ಏಳುತ್ತದೆ ಅಂತ ಅವಳು ಒಳಗಿನ ಕೋಣೆಗೆ ಹೋಗಿ ಎಡಮಗ್ಗುಲಾಗಿ ಮಲಗಿದಳು. ಎರಡೂ ಕೈ ಹೊಟ್ಟೆಯ ಮೇಲಿದ್ದವು. ಹೊರಗೆ ಹೆಂಗಸರು ಆ ವಿಡಿಯೋವನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದರು. ಪ್ರತಿ ಸಲ ಭೋಂಗಾ, ಪ್ರತಿ ಸಲ ಧಡಂ, ಪ್ರತಿ ಸಲ "ಒದೀತೂ!" ಅನ್ನುವ ಕೂಗು. ಒಳಗೆ ಮಲಗಿದವಳ ಕೈಕೆಳಗೆ ಮಾತ್ರ ಏನೂ ಇರಲಿಲ್ಲ. ಭಯ ಅಂದರೆ ಏನೆಂದು ಆಗ ಅವಳಿಗೆ ತಿಳಿಯಿತು. ಇಷ್ಟು ದಿನ ಇದ್ದದ್ದು ಬರೀ ಚಿಂತೆ.

ಅವಳು ಎದ್ದು ಹೋಗಿ ಪಾತ್ರೆಗೆ ಸಕ್ಕರೆ, ಅಕ್ಕಿ ತುಂಬುತ್ತಿದ್ದ ಅವ್ವನ ತೋಳು ಹಿಡಿದಳು.

"ಅವ್ವಾ, ಕೂಸು ಅಲಗಾಡವಲ್ದು. ಈಗೇ ದವಾಖಾನಿಗಿ ಹೋಗಮು."

"ಏ ಹುಚ್ಚಿ! ಈಗಿನ್ನ ಎಲ್ಲಾರೂ ನೋಡಿಲ್ಲೇನು? ನನ್ನ ಕಣ್ಣೀಲೆ ನೋಡೀನಿ. ಕುಣಿದು ದಣದದ, ಮಲಗ್ಯಾದ."

ಅವ್ವನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು. ಪಡಸಾಲೆಯಲ್ಲಿ ಅತ್ತೆ ದೊಡ್ಡ ದನಿಯಲ್ಲಿ ನಗುತ್ತಿದ್ದಳು. ನಾನು ನಿಮಗೆಲ್ಲ ಸುಳ್ಳು ತೋರಿಸಿದೆ ಅಂತ ಇವರ ನಡುವೆ ನಿಂತು ಹೇಳುವುದು ಹೇಗೆ? ಖರೆ ಹೇಳುವ ಧೈರ್ಯವಿಲ್ಲದವಳು ಇನ್ನೊಂದು ಸುಳ್ಳು ಹೇಳಿದಳು. ಸೊಂಟ ಹಿಡಿದುಕೊಂಡು ಗೋಡೆಗೊರಗಿ "ಅವ್ವಾ, ಬ್ಯಾನಿ!" ಅಂತ ಚೀರಿದಳು.

ಕೂಸು ಸುಮ್ಮನಿದೆ ಅಂದರೆ ಕದಲದ ಮನೆ ಬೇನೆ ಅಂದ ಕೂಡಲೇ ಎದ್ದು ನಿಂತಿತು. ಬಿಬಿಜಾನ್ ಓಡಿಹೋಗಿ ಮಗ ಶೌಕತ ಅಲಿಯ ಆಟೋ ಹೊರಡಿಸಿದಳು. ದಾನಮ್ಮ, ರತ್ನಾಬಾಯಿ ಎರಡೂ ಬದಿಗೆ ಕೂತರು. ಉಳಿದವರು ಜೀಪು ಹತ್ತಿದರು. ದಾರಿಯುದ್ದಕ್ಕೂ "ತಡಿ ನಮ್ಮವ್ವ, ತಡಿ" ಅಂತ ಇಬ್ಬರೂ ಅವಳ ಬೆನ್ನು ತಿಕ್ಕಿದರು. ಅವಳು ನೋವಿಲ್ಲದೆ ನರಳಿದಳು. ಕಣ್ಣೀರು ಮಾತ್ರ ಸುಳ್ಳಾಗಿರಲಿಲ್ಲ.

ದವಾಖಾನೆಯಲ್ಲಿ ನರ್ಸು ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, ಬೇನೆ ಇದ್ದಂತಿಲ್ಲ ಅಂದಳು. ಡಾಕ್ಟರ್ ಮೇಡಂ ಬಂದರು. ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಯಂತ್ರವನ್ನು ಹೊಟ್ಟೆಗೆ ಹಚ್ಚಿ ಅತ್ತಿತ್ತ ಸರಿಸಿದರು. ಮೊದಲು ಬರೀ ಗರಗರ. ಆಮೇಲೆ ಸಣ್ಣದಾಗಿ, ಬೇಗ ಬೇಗ, ದಬದಬ ಅನ್ನುವ ಸದ್ದು ಬಂತು.

"ಎದಿಬಡಿತ ಅದ ನೋಡ್ರಿ," ಅಂದರು ಮೇಡಂ.

ಶಿವಗಂಗಾ ಬಿಕ್ಕಿಬಿಕ್ಕಿ ಅತ್ತಳು. ಇದೆ, ಒಳಗಿದೆ, ಬದುಕಿದೆ! ಅವಳಿಗೆ ಇನ್ನೇನೂ ಬೇಡವಾಗಿತ್ತು. ಮೇಡಂ ಅವಳ ಸೀರೆ ಸರಿಮಾಡುತ್ತ ಕೇಳಿದರು: "ಕೂಸಿನ ಆಟ ಹ್ಯಾಂಗದ? ಕಡೀಕ ಯಾವಾಗ ಅಲಗಾಡ್ತು?"

"ಇವತ್ತೇ ಮಧ್ಯಾಹ್ನ್ರಿ!" ಅಂದಳು ದಾನಮ್ಮ.

"ನಾ ಖುದ್ದ ಕೈಯಿಟ್ಟು ನೋಡೀನ್ರಿ," ಅಂದಳು ರತ್ನಾಬಾಯಿ. "ಶೈಲಶ್ರೀ, ಆ ವಿಡಿಯೋ ತೋರ್ಸು ಮೇಡಂ ಅವ್ರಿಗಿ."

ಶೈಲಶ್ರೀ ತೋರಿಸಿದಳು. ಭೋಂಗಾ ಕೂಗಿತು, ಫೋನು ಎಗರಿತು. ಮೇಡಂ ಅವರಿಗೂ ನಗು ಬಂತು. "ಇಷ್ಟ ಜೋರ್ ಒದೀಲಿಕತ್ತದ ಅಂದ್ರ ಫಿಕರ್ ಇಲ್ಲ ಬಿಡ್ರಿ. ಇದು ಸುಳ್ಳ ಬ್ಯಾನಿ ಇರ್ಬೇಕು. ಮನೀಗಿ ಹೋಗಿ ಆರಾಮ ಮಾಡ್ರಿ. ನಾಳಿ ಮುಂಜಾನಿ ಬಂದು ಮತ್ತೊಮ್ಮಿ ತೋರಿಸ್ಕೊಂಡು ಹೋಗ್ರಿ."

ಕಂಡದ್ದನ್ನು ನಂಬಿ ಅಂದ ಮಾತು ಅದು. ಕಂಡದ್ದೇ ಸುಳ್ಳಾದರೆ ಡಾಕ್ಟರು ತಾನೇ ಏನು ಮಾಡಬೇಕು?

ನರ್ಸು ಮಂಚದಿಂದ ಇಳಿಸಿದಳು. ದಾನಮ್ಮ ಬಗ್ಗಿ ಮಗಳ ಕಾಲಿಗೆ ಚಪ್ಪಲಿ ಸರಿಸಿ ಕೊಟ್ಟಳು. ಶಿವಗಂಗಾ ಚಪ್ಪಲಿ ಮೆಟ್ಟಿದಳು, ಬಾಗಿಲವರೆಗೂ ನಡೆದಳು. ಎದೆಬಡಿತ ಇದೆಯಲ್ಲ, ಡಾಕ್ಟರೇ ಹೇಳಿದರಲ್ಲ, ಇನ್ನು ಯಾಕೆ ಮಾನ ಕಳೆದುಕೊಳ್ಳುವುದು ಅಂತ ಮನಸ್ಸು ಹೇಳುತ್ತಿತ್ತು. ಹೊರಗೆ ಶೌಕತ ಅಲಿ ಆಟೋ ತಿರುಗಿಸುತ್ತಿದ್ದ. ಹೊಸ್ತಿಲಲ್ಲಿ ಅವಳ ಕಾಲು ನಿಂತಿತು.

"ಅದು ಕೂಸಲ್ರಿ," ಅಂದಳು.

ಯಾರಿಗೂ ಅರ್ಥವಾಗಲಿಲ್ಲ. ಅವಳು ತಿರುಗಿ ನಿಂತಳು.

"ವಿಡಿಯೋದಾಗ ಒದ್ದಿದ್ದು ಕೂಸಲ್ರಿ ಮೇಡಂ. ನಾನೇ ಹೊಟ್ಟಿ ಅಲಗಾಡ್ಸೀನಿ. ನನಗ ಬ್ಯಾನಿನೂ ಇಲ್ರಿ. ನಿನ್ನಿ ಸಂಜಿಂದ ಕೂಸು ಅಲಗಾಡೇ ಇಲ್ಲ."

"ಅಂಜಿ ಏನೇನೋ ಮಾತಾಡ್ಲಿಕತ್ತಾಳ್ರಿ," ಅಂದಳು ದಾನಮ್ಮ, ಮಗಳ ಕೈ ಜಗ್ಗುತ್ತ.

"ಖರೇನೇ ಒದ್ದದ," ಅಂದಳು ರತ್ನಾಬಾಯಿ. "ಈ ಕೈಗಿ ತಾಗ್ಯಾದ. ಯಾರರೆ ಹೊಟ್ಟಿ ತಾವೇ ಕುಣಸ್ತಾರೇನ್ರಿ?"

ಶಿವಗಂಗಾ ಒಳಗೆ ಬಂದು ತಾನೇ ಮಂಚ ಹತ್ತಿ ಮಲಗಿದಳು. ಸೀರೆ ಸರಿಸಿದಳು. ಅವ್ವ, ಅತ್ತೆ, ಶೈಲಶ್ರೀ, ನರ್ಸು, ಡಾಕ್ಟರು ಎಲ್ಲರೂ ನೋಡುತ್ತಿರುವಂತೆ ಉಸಿರೆಳೆದು, ಬಿಗಿಹಿಡಿದು, ಝಾಡಿಸಿದಳು. ಹೊಟ್ಟೆ ಜಿಗಿಯಿತು. ವಿಡಿಯೋದಲ್ಲಿದ್ದ ಹಾಗೆಯೇ ಜಿಗಿಯಿತು. ಇನ್ನೊಮ್ಮೆ ಮಾಡಿ ತೋರಿಸಿದಳು.

ರತ್ನಾಬಾಯಿ ತನ್ನ ಅಂಗೈಯನ್ನು ನೋಡಿಕೊಂಡಳು. ದಾನಮ್ಮ ಗೋಡೆಗೆ ಬೆನ್ನು ಹಚ್ಚಿ ಕುಸಿದಳು. ಮೇಡಂ ನಗು ಮರೆತು ನರ್ಸಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ನರ್ಸು ಓಡಿದಳು. ಹೊಟ್ಟೆಗೆ ಪಟ್ಟಿ ಕಟ್ಟಿ ದೊಡ್ಡ ಯಂತ್ರಕ್ಕೆ ಜೋಡಿಸಿದರು. ಅದರಿಂದ ಕಾಗದ ಸರಿದು ಬರತೊಡಗಿತು. ಮೇಡಂ ಕಾಗದವನ್ನು ಕೈಯಲ್ಲಿ ಹಿಡಿದು ನಿಂತರು, ಅವರ ಹುಬ್ಬು ಗಂಟಾಯಿತು. ದಬದಬ ಅನ್ನುತ್ತಿದ್ದ ಸದ್ದು ನಡುನಡುವೆ ನಿಧಾನವಾಗಿ, ಮತ್ತೆ ಎದ್ದು, ಮತ್ತೆ ನಿಧಾನವಾಗುತ್ತಿತ್ತು.

"ಕೂಸು ಸುಸ್ತಾಗ್ಯಾದ. ಒಳಗ ಬಿಡಂಗಿಲ್ಲ ಇನ್ನ. ಈಗೇ ಆಪರೇಷನ್ ಮಾಡಿ ತೆಗೀಬೇಕು. ಮನೆಯವರು ಯಾರದಾರ?"

ಡ್ಯೂಟಿಯ ಖಾಕಿ ಬಟ್ಟೆಯಲ್ಲೇ ಮಡಿವಾಳಯ್ಯ ಓಡಿಬರುವ ಹೊತ್ತಿಗೆ ಮಗಳನ್ನು ಒಳಗೆ ಒಯ್ದಾಗಿತ್ತು.

ಹೆಣ್ಣು ಕೂಸು. ಹೊಟ್ಟೆಯಲ್ಲಿ ನೀರು ಬತ್ತಿತ್ತಂತೆ, ಹೊಕ್ಕಳಬಳ್ಳಿ ಒತ್ತಿಕೊಂಡಿತ್ತಂತೆ. ಬಂದಾಗ ಅಳಲಿಲ್ಲ. ಅಳಿಸಲು ಅವರು ಒಳಗೆ ಪಟ್ಟ ಪಾಡು ಹೊರಗೆ ಕುಳಿತವರಿಗೆ ಗೊತ್ತಾಗದಿದ್ದದ್ದೇ ಪುಣ್ಯ. ಕೊನೆಗೊಮ್ಮೆ ಬೆಕ್ಕಿನ ಮರಿಯಷ್ಟು ಸಣ್ಣ ದನಿ ಬಂತು. ಕೂಸನ್ನು ಗಾಜಿನ ಕೋಣೆಯಲ್ಲಿ ಬೆಚ್ಚಗೆ ಇಟ್ಟು ಆಮ್ಲಜನಕ ಹಚ್ಚಿದರು. ಉಳಿಯುತ್ತದೆ, ಆದರೆ ಇನ್ನೂ ಕೆಲವು ದಿನ ಕಣ್ಣಿಟ್ಟು ನೋಡಬೇಕು ಅಂದರು ಮೇಡಂ. ಇನ್ನೊಂದು ರಾತ್ರಿ ಕಳೆದಿದ್ದರೆ ಅಂತ ಶುರುಮಾಡಿ ಮಾತು ಅರ್ಧಕ್ಕೇ ಬಿಟ್ಟರು.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಶಿವಗಂಗಾ ಕಣ್ಣುಬಿಟ್ಟಾಗ ಮಂಚದ ಸುತ್ತ ಎಲ್ಲರೂ ಇದ್ದರು. ರಾತ್ರಿಯೇ ಬಂದು ತಲುಪಿದ್ದ ಅಶೋಕಕುಮಾರ ಸ್ಟೂಲಿನ ಮೇಲೆ ಕುಳಿತಿದ್ದ, ಕಣ್ಣು ಕೆಂಪಾಗಿದ್ದವು. ಅವನ ಫೋನು ಬಿಡದೆ ಗುಂಯ್‌ಗುಡುತ್ತಿತ್ತು. ನಿನ್ನೆ ಮಧ್ಯಾಹ್ನ ಅವನು ಶೈಲಶ್ರೀ ಕಳಿಸಿದ್ದ ಆ ವಿಡಿಯೋವನ್ನು ಎಲ್ಲ ಗ್ರೂಪಿಗೂ ಹಾಕಿದ್ದ. ಶಹಾಬಾದದ ಮಾವ, ವಾಡಿಯ ದೋಸ್ತರು, ಚಿತ್ತಾಪುರದ ಅತ್ತೆ, ಎಲ್ಲರೂ ಇನ್ನೂ ನಗುವ ಚಿತ್ರ ಕಳಿಸುತ್ತಿದ್ದರು. ಅವನು ಫೋನು ಬಂದ್ ಮಾಡಿ ಜೇಬಿಗಿಟ್ಟ. ಆಮೇಲೆ ಕೇಳಿದ.

"ಹಂಗ್ಯಾಕ ಮಾಡ್ದಿ, ಗಂಗಾ?"

ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸಿಟ್ಟಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಹೌದವಾ ಗಂಗಾ," ಅಂದಳು ರತ್ನಾಬಾಯಿ. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. "ಇಲ್ಲ ಅಂದಿದ್ರ ನಾವೇನ್ ನಿನಗ ಹೊಡೀತಿದ್ವೇನು? ಅಲಗಾಡ್ಲಿಲ್ಲ ಅಂತ ಒಂದ್ ಮಾತ ಹೇಳ್ಬೇಕಿಲ್ಲೇನು?"

ಹೇಳಿದ್ದೆನಲ್ಲ ಅಂತ ಶಿವಗಂಗಾಗೆ ಅನ್ನಿಸಿತು. ಬೆಳಿಗ್ಗೆ ಅವ್ವನಿಗೆ ಹೇಳಿದ್ದೆ, ಚಾಪೆಯ ಮೇಲೆ ಕೂತು ನಿಮಗೂ ಹೇಳಿದ್ದೆ. ಆದರೆ ಆ ಲೆಕ್ಕ ಈಗ ಬೇಡವಾಗಿತ್ತು. ಹೊಲಿಗೆ ಹಾಕಿದ ಹೊಟ್ಟೆ ಉರಿಯುತ್ತಿತ್ತು. ಅವಳು ಚಾವಣಿ ನೋಡುತ್ತ ಮೆಲ್ಲಗೆ ಅಂದಳು.

"ನೀವೆಲ್ಲಾರೂ ನನ್ನ ಹೊಟ್ಟೀನೇ ನೋಡ್ಲಿಕತ್ತಿದ್ರಿ. ಒಬ್ರರೆ ನನ್ನ ಮಾರಿ ನೋಡಿದ್ರ, ಅಲ್ಲೇ ಗೊತ್ತಾಗ್ತಿತ್ತು."

ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದು, ಕೂಸನ್ನು ಗಾಜಿನಾಚೆಯಿಂದ ನೋಡಬಹುದು, ಈಗ ಕೈಕಾಲು ಆಡಿಸುತ್ತಿದೆ ಅಂದಳು. ಎಲ್ಲರೂ ದಡಬಡಿಸಿ ಎದ್ದರು. ಅಶೋಕಕುಮಾರ ಮುಂದೆ, ರತ್ನಾಬಾಯಿ ಹಿಂದೆ, ಎಂದೂ ಅವಸರ ಮಾಡದ ಮಡಿವಾಳಯ್ಯ ಕೂಡ ಬಿರಬಿರನೆ ನಡೆದ. ಬಾಗಿಲವರೆಗೆ ಹೋದ ದಾನಮ್ಮ ಅಲ್ಲಿಂದ ಹಿಂದೆ ಬಂದಳು. ಸ್ಟೂಲನ್ನು ಎಳೆದುಕೊಂಡು ಮಗಳ ತಲೆಯ ಹತ್ತಿರ ಕುಳಿತು, ಎರಡೂ ಕೈಯಿಂದ ಅವಳ ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ಹೇಳವ್ವಾ," ಅಂದಳು. "ಎಲ್ಲಿ ನೋಯ್ಲಿಕತ್ತದ?"

ಶಿವಗಂಗಾ ಹೇಳತೊಡಗಿದಳು.